ನೂರು ಮೀಟರ್, ಐವತ್ತು ಕಿಲೋಮೀಟರ್

ಮುಂಬೈ–ಚೆನ್ನೈ ರೈಲುದಾರಿಯಲ್ಲಿರುವ ರಾಯಚೂರು ನಿಲ್ದಾಣದ ಹೊರಗೆ ಗುಳೆಯ ಕಾಲದಲ್ಲಿ ಕಾಣುವ ಗಂಟುಮೂಟೆಗಳೇ ಈ ಸೀಮೆಯ ಅರ್ಧ ಕಥೆ ಹೇಳುತ್ತವೆ. ಕೌದಿಯಲ್ಲಿ ಸುತ್ತಿ ಕಟ್ಟಿದ ಪಾತ್ರೆ, ಗೊಬ್ಬರದ ಚೀಲದಲ್ಲಿ ತುರುಕಿದ ಬಟ್ಟೆ, ಒಂದು ಪ್ಲಾಸ್ಟಿಕ್ ಕೊಡ, ಎಲ್ಲಕ್ಕೂ ಮೇಲೆ ನಾಲ್ಕು ಮಡಿಕೆ ಹಾಕಿದ ನೀಲಿ ತಾಡಪತ್ರಿ. ಆ ತಾಡಪತ್ರಿಯೇ ಅವರ ಮನೆ. ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೊರಟವರಿಗೂ, ಅಲ್ಲಿಂದ ಬಾಡಿಹೋಗಿ ಮರಳಿದವರಿಗೂ ಅದೇ ಸೂರು. ಮಡಿಸಿಟ್ಟಿರುವ ತನಕ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸರ್ಕಾರಿ ಜಾಗದಲ್ಲಿ ನಾಲ್ಕು ಗಳ ನೆಟ್ಟು ಬಿಚ್ಚಿ ಹರಡಿದ ಕ್ಷಣದಿಂದ ಅದು ಕಾನೂನಿನ ವಿಷಯವಾಗುತ್ತದೆ. ಆ ಸೂರಿನ ಕೆಳಗೆ ಮಲಗಿದವರಲ್ಲಿ ಒಬ್ಬ ಅಮಲಿನಲ್ಲಿದ್ದರೆ ಪಕ್ಕದಲ್ಲಿರುವ ಅವನ ಹೆಂಡತಿ ಮಕ್ಕಳೂ ಅದೇ ಅನುಮಾನದ ಕಣ್ಣಿಗೆ ಬೀಳುತ್ತಾರೆ. ಬಯಲಿನಲ್ಲಿ ಮಲಗುವವರನ್ನು, ಅಮಲಿಗೆ ಬಿದ್ದವರನ್ನು ಕಾನೂನು ಹೇಗೆ ನೋಡಬೇಕು ಎಂಬ ಪ್ರಶ್ನೆ ಇಂದು ಲೋಕದ ತುಂಬ ಇದೆ. ರಾಯಚೂರು ನಗರ, ಮಾನ್ವಿ, ದೇವದುರ್ಗ ಈ ಮೂರೂರುಗಳ ದಾರಿ ಹಿಡಿದು ಹೋದರೆ ಆ ಪ್ರಶ್ನೆಗೆ ನಮ್ಮದೇ ಉತ್ತರ ಸಿಗುತ್ತದೆಂದು ನಾನು ನಂಬಿದ್ದೇನೆ.

ಅಮಲಿನ ವಿಷಯದಲ್ಲಿ ನಮ್ಮ ಕಾನೂನು ಬಹಳ ಹಿಂದಿನಿಂದಲೂ ದೂರವನ್ನು ಅಳೆಯುತ್ತ ಬಂದಿದೆ. 1967ರ ಕರ್ನಾಟಕ ಅಬಕಾರಿ ಸನ್ನದು ನಿಯಮಗಳ ಪ್ರಕಾರ ಶಾಲೆ, ಆಸ್ಪತ್ರೆ, ಗುಡಿ, ಮಸೀದಿ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಕೊಡುವಂತಿಲ್ಲ. ಹೆದ್ದಾರಿಯ ನಡುಮಧ್ಯದಿಂದ 220 ಮೀಟರ್ ಬಿಟ್ಟಿರಬೇಕು. 2003ರ ತಂಬಾಕು ಕಾಯ್ದೆ ಶಾಲೆಯ ಸುತ್ತ 100 ಗಜದೊಳಗೆ ಬೀಡಿ ಸಿಗರೇಟು ಮಾರಬಾರದೆನ್ನುತ್ತದೆ. ಅಮೆರಿಕದ ಕೆಲವು ರಾಜ್ಯಗಳು ಇದೇ ತರ್ಕವನ್ನು ನಿರಾಶ್ರಿತರ ಕೇಂದ್ರಗಳಿಗೂ ಒಯ್ದಿವೆ. ಆ ಕೇಂದ್ರಗಳ ಸುತ್ತ ಮಾದಕವಸ್ತು ಸಿಕ್ಕರೆ ಹೆಚ್ಚಿನ ಶಿಕ್ಷೆ, ಪಾರ್ಕಿನಲ್ಲಿ ಹೊದ್ದು ಮಲಗಿದರೆ ದಂಡ. ಆರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಎಂಬ ಸಣ್ಣ ಊರು ಹೀಗೆ ಮಲಗಿದವರಿಗೆ 295 ಡಾಲರ್ ದಂಡ ಹಾಕುತ್ತಿತ್ತು. ಆ ಪ್ರಕರಣದಲ್ಲಿ 2024ರ ಜೂನ್ 28ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆರು–ಮೂರರ ಬಹುಮತದಿಂದ ಇಂಥ ದಂಡ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ದೂರ ಅಳೆಯುವ ಕಾನೂನಿಗೆ ಅರ್ಥವಿಲ್ಲವೆಂದು ನಾನು ಹೇಳುತ್ತಿಲ್ಲ. ಮಾರುವವನನ್ನು ದೂರವಿಡಲು ಅದು ಬೇಕು. ಆದರೆ ಮಲಗುವವನನ್ನು, ಚಟಕ್ಕೆ ಬಿದ್ದವನನ್ನು ದೂರ ಅಟ್ಟಲು ಅದನ್ನು ಬಳಸಿದರೆ ಅನ್ಯಾಯವಾಗುತ್ತದೆ. ಅವನ ವಿಷಯದಲ್ಲಿ ಕಾನೂನು ಅಳೆಯಬೇಕಾದದ್ದು ಆಸ್ಪತ್ರೆಯೂ ಸೂರೂ ಅವನಿಗೆ ಎಷ್ಟು ಹತ್ತಿರದಲ್ಲಿವೆ ಎಂಬುದನ್ನು. ನನ್ನ ವಾದ ಇಷ್ಟೆ.

ರಾಯಚೂರಿನ ಅಮಲು ಯಾವುದೆಂದು ಮೊದಲು ತಿಳಿಯಬೇಕು. ಸೇಂದಿ ಎಂದರೆ ಈಚಲು, ತಾಳೆ ಮರದಿಂದ ಇಳಿಸಿದ ರಸ, ಹೊತ್ತೇರಿದಂತೆ ಹುಳಿಯಾಗುವ ಬಡವರ ಪಾನೀಯ. ಕರಾವಳಿಯ ಜಿಲ್ಲೆಗಳನ್ನು ಬಿಟ್ಟರೆ ರಾಜ್ಯದ ಬಹುಭಾಗದಲ್ಲಿ ಸೇಂದಿ ಮಾರಾಟ ನಿಂತು ಎರಡು ದಶಕಗಳಾದವು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಕುಡಿಯುವವರೂ ಮಾರುವವರೂ ಮಾತ್ರ ನಿಲ್ಲಲಿಲ್ಲ. ಇಂದು ರಾಯಚೂರಿನ ಓಣಿಗಳಲ್ಲಿ, ಮಾನ್ವಿ ದೇವದುರ್ಗದ ಹಳ್ಳಿಗಳಲ್ಲಿ ಸೇಂದಿ ಎಂಬ ಹೆಸರಿನಲ್ಲಿ ಕದ್ದು ಮಾರಾಟವಾಗುವುದರಲ್ಲಿ ಮರದ ರಸ ಹೆಸರಿಗಷ್ಟೇ ಇರುತ್ತದೆ. ನೀರು, ಸಿಹಿಗೆ ಸ್ಯಾಕರಿನ್, ನೊರೆಗೆ ಮತ್ತೇನೋ, ಅಮಲಿಗೆ ಸಿಎಚ್ ಪೌಡರ್. ಜನ ಎರಡಕ್ಷರದಲ್ಲಿ ಕರೆಯುವ ಈ ಪುಡಿಯ ಪೂರ್ತಿ ಹೆಸರು ಕ್ಲೋರಲ್ ಹೈಡ್ರೇಟ್. ಬಣ್ಣವಿಲ್ಲದ ಹರಳು, ಮೂಗಿಗೆ ಬಡಿಯುವ ವಾಸನೆ, ಕಹಿ ರುಚಿ. ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಲೀಬಿಗ್ 1832ರಲ್ಲಿ ಇದನ್ನು ಮೊದಲು ತಯಾರಿಸಿದ. 1869ರಿಂದ ವೈದ್ಯರು ನಿದ್ದೆಯ ಮದ್ದಾಗಿ ಬಳಸಿದರು. ಬೇಗ ಚಟ ಹಿಡಿಸುತ್ತದೆಂದು ಗೊತ್ತಾದ ಮೇಲೆ, ಬೇರೆ ಮದ್ದುಗಳೂ ಬಂದ ಮೇಲೆ ಬಹುಮಟ್ಟಿಗೆ ಕೈಬಿಟ್ಟರು. ವೈದ್ಯರು ಬಿಟ್ಟ ಮದ್ದನ್ನು ಇಲ್ಲಿನ ಕೂಲಿಕಾರ ಅಳತೆಯಿಲ್ಲದೆ ಕುಡಿಯುತ್ತಿದ್ದಾನೆ. ಕೆಲವು ಕಡೆ ಅಲ್ಪ್ರಜೋಲಂ, ಡಯಾಜೆಪಾಂ ಮಾತ್ರೆಗಳ ಪುಡಿಯೂ ಬೆರೆಯುತ್ತದೆ. ದಿನವಿಡೀ ಹತ್ತಿ ಬಿಡಿಸಿ, ಭತ್ತದ ನಾಟಿ ಮಾಡಿ, ಬಯಲಲ್ಲಿ ಸೊಳ್ಳೆಯ ನಡುವೆ ಮಲಗಬೇಕಾದವರಿಗೆ ಅಗ್ಗದಲ್ಲಿ ಸಿಗುವ ನಿದ್ದೆ ಇದು. ಸೂರಿಲ್ಲದಿರುವುದಕ್ಕೂ ಸೇಂದಿಗೂ ನಂಟು ಬೆಳೆದಿರುವುದು ಈ ನಿದ್ದೆಯ ಮೂಲಕವೇ.

ಈ ಪುಡಿಯ ಗುಣವೊಂದನ್ನು ಅರಿಯದೆ ಕಾನೂನು ಮಾಡುವುದು ಅಪಾಯ. ಬಹುಕಾಲ ಕುಡಿದವನು ಒಮ್ಮೆಲೆ ಬಿಟ್ಟರೆ ಒಂದೆರಡು ದಿನದೊಳಗೆ ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ, ಇಲ್ಲದ್ದು ಕಂಡಂತಾಗುತ್ತದೆ, ಫಿಟ್ಸ್ ಬರುತ್ತದೆ. ಸಮಯಕ್ಕೆ ಮದ್ದು ಸಿಗದಿದ್ದರೆ ಪ್ರಾಣವೂ ಹೋಗಬಹುದು. ಇದಕ್ಕೆ ಸಾಕ್ಷಿ ನದಿಯಾಚೆಗೇ ಇದೆ. 2015ರ ಸೆಪ್ಟೆಂಬರಿನಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ಮೇಲೆ ದಾಳಿ ಬಿಗಿಯಾಯಿತು. ಪುಡಿ ಸಿಗದಾದ ಕೆಲವೇ ದಿನಗಳಲ್ಲಿ ನಿಜಾಮಾಬಾದ್ ಮತ್ತು ರಾಯಚೂರಿಗೆ ಹೊಂದಿಕೊಂಡಿದ್ದ ಆಗಿನ ಮಹಬೂಬ್‌ನಗರ ಜಿಲ್ಲೆಗಳಲ್ಲಿ ನೂರಾರು ಜನ ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ದಾಳಿ ಮಾಡಿದ್ದು ತಪ್ಪಲ್ಲ. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಸತ್ತದ್ದನ್ನು ನೆನೆದರೆ ದಾಳಿ ಬೇಡವೆನ್ನಲು ಬಾಯಿ ಬರುವುದಿಲ್ಲ. ಆದರೆ ದಾಳಿಗೆ ಮುಂಚೆ ಹಾಸಿಗೆಗಳು ಸಿದ್ಧವಿರಲಿಲ್ಲ ಎಂಬುದು 2015ರ ಪಾಠ. ಈಗ ನಮ್ಮ ಕಾನೂನಿನತ್ತ ನೋಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 355ನೇ ಸೆಕ್ಷನ್ ಪ್ರಕಾರ ಕುಡಿದು ಸಾರ್ವಜನಿಕ ಸ್ಥಳದಲ್ಲಿ ಕಿರಿಕಿರಿ ಮಾಡಿದವನಿಗೆ 24 ಗಂಟೆಯ ತನಕ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಸಮುದಾಯ ಸೇವೆ. ಹೆಂಡದ ಅಮಲು ಇಳಿಯಲು 24 ಗಂಟೆ ಸಾಕಾಗಬಹುದು. ಸಿಎಚ್ ಪೌಡರಿನ ಚಟದವನಿಗೆ ಅಪಾಯ ಶುರುವಾಗುವುದೇ ಅಷ್ಟು ಹೊತ್ತಿಗೆ.

ರಾಯಚೂರಿನಿಂದ ಸಿಂಧನೂರಿನ ಕಡೆಯ ಬಸ್ಸು ಹಿಡಿದರೆ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಮಾನ್ವಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಸೀಮೆ ಇದು. ನೀರು ಬಂದ ವರ್ಷ ಹಸಿರು ಭತ್ತ, ಬಾರದ ವರ್ಷ ಗುಳೆ. ಇದೇ ತಾಲ್ಲೂಕಿನ ಚೀಕಲಪರ್ವಿಯಲ್ಲಿ ವಿಜಯದಾಸರು ಹುಟ್ಟಿದರು, ಮಾನ್ವಿಯಲ್ಲಿ ಜಗನ್ನಾಥದಾಸರು ಬಾಳಿದರು. ಹೆಗಲಿಗೆ ಗೋಪಾಳಬುಟ್ಟಿ ಹಾಕಿಕೊಂಡು ಮನೆಮನೆಯ ಮುಂದೆ ನಿಂತು, ಬಂದದ್ದರಲ್ಲಿ ಬದುಕುವ ದಾಸರ ಪರಂಪರೆಯನ್ನು ಈ ನೆಲ ಇಂದಿಗೂ ಕೈಮುಗಿದು ನೆನೆಯುತ್ತದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯೂ ಆ ಗೌರವವನ್ನು ಉಳಿಸಿಕೊಂಡಿದೆ. ವ್ರತಕ್ಕಾಗಿ, ಧರ್ಮದ ರೂಢಿಗಾಗಿ ಬೇಡುವವರನ್ನು ಅದು ಭಿಕ್ಷುಕರೆಂದು ಎಣಿಸುವುದಿಲ್ಲ. ಆದರೆ ಅದೇ ಕಾಯ್ದೆ, ಬದುಕಿಗೆ ಕಾಣುವಂಥ ದಾರಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಅಲೆಯುವ, ಬೇಡಿಯೇ ಬದುಕುತ್ತಿರಬಹುದು ಎನಿಸುವ ಸ್ಥಿತಿಯಲ್ಲಿರುವ ವ್ಯಕ್ತಿಯನ್ನು ಭಿಕ್ಷುಕ ಎನ್ನುತ್ತದೆ. ಅಂಥವನನ್ನು ವಾರಂಟ್ ಇಲ್ಲದೆ ಹಿಡಿಯಬಹುದು, ಪರಿಹಾರ ಕೇಂದ್ರದಲ್ಲಿ ವರ್ಷಗಟ್ಟಲೆ ಇರಿಸಬಹುದು. ಅವನು ಕೈ ಚಾಚಿರಲೇಬೇಕೆಂದಿಲ್ಲ, ಬಡವನಾಗಿ ಕಂಡರೆ ಸಾಕು. ಬಯಲಲ್ಲಿ ಮಲಗುವುದನ್ನೇ ಅಪರಾಧ ಮಾಡುವ ಅಮೆರಿಕದ ಕಾನೂನುಗಳಿಗೆ ನಮ್ಮಲ್ಲಿ ಅತಿ ಹತ್ತಿರದ ನಂಟಸ್ತಿಕೆ ಇರುವುದು ಈ ಒಂದು ವಾಕ್ಯದಲ್ಲಿ. ಅಲೆಯುವುದನ್ನೇ ಅನುಮಾನಿಸುವ ಈ ಬುದ್ಧಿ ಹಳೆಯದು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಗುಡಾರದಲ್ಲಿ ಬಾಳುವ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿತ್ತು. ಸ್ವತಂತ್ರ ಭಾರತ ಅದನ್ನು 1952ರಲ್ಲಿ ತೆಗೆದುಹಾಕಿತು. ಬುಡ್ಗ ಜಂಗಮರ, ಸುಡುಗಾಡು ಸಿದ್ಧರ ಗುಡಾರಗಳು ಊರ ಹೊರಗೆ ಕಂಡಾಗ ಏಳುವ ಅನುಮಾನವನ್ನು ಯಾವ ಗೆಜೆಟ್ ಪ್ರಕಟಣೆಯೂ ತೆಗೆದುಹಾಕಿಲ್ಲ.

ಹಿಡಿದು ಕೂಡಿಹಾಕುವುದರ ಫಲವನ್ನು ಕರ್ನಾಟಕ ಕಣ್ಣಾರೆ ಕಂಡಿದೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹಿಡಿದು ತಂದವರಿಗೆ ಊಟ, ನೀರು, ವೈದ್ಯರು ಸಾಕಾಗದಿದ್ದರೆ ಪರಿಹಾರ ಕೇಂದ್ರವೂ ಸಾವಿನ ಮನೆಯಾಗುತ್ತದೆಂಬುದನ್ನು ನಾಡು ಅಂದು ಕಲಿತಿತು. ದೆಹಲಿ ಹೈಕೋರ್ಟ್ 2018ರ ಆಗಸ್ಟ್ 8ರಂದು, ಅಲ್ಲಿಗೆ ಅನ್ವಯಿಸುತ್ತಿದ್ದ ಮುಂಬೈ ಭಿಕ್ಷಾಟನೆ ತಡೆ ಕಾಯ್ದೆಯಲ್ಲಿ ಬೇಡುವುದನ್ನು ಅಪರಾಧವಾಗಿಸಿದ ಸೆಕ್ಷನ್‌ಗಳನ್ನು ರದ್ದು ಮಾಡಿತು. ಹೊಟ್ಟೆಗಾಗಿ ಬೇಡುವವನು ಸರ್ಕಾರ ಕೊಡದೆ ಹೋದ ಆಸರೆಗೆ ಸಾಕ್ಷಿಯೇ ಹೊರತು ಅಪರಾಧಿಯಲ್ಲ ಎಂಬುದು ಆ ತೀರ್ಪಿನ ತಿರುಳು. ಅದಕ್ಕೂ ಮೊದಲು 1985ರಲ್ಲಿ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬದುಕುವ ಹಕ್ಕಿನೊಳಗೆ ದುಡಿದು ತಿನ್ನುವ ಹಕ್ಕೂ ಸೇರಿದೆ ಎಂದಿತು. ಪಾದಚಾರಿ ದಾರಿಯಲ್ಲಿ ಗುಡಿಸಲು ಹಾಕುವ ಹಕ್ಕನ್ನು ಆ ಕೋರ್ಟ್ ಕೊಡಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ರೀತಿಯಂತೆ ನೋಟಿಸು ಕೊಟ್ಟು ತೆರವು ಮಾಡಬಹುದೆಂದಿತು. ಹಾಗಾಗಿ ನಮ್ಮ ಮುಂದಿರುವುದು ಬೀದಿಯಲ್ಲಿ ಮಲಗುವ ಹಕ್ಕಿನ ಪ್ರಶ್ನೆಯಲ್ಲ. ಎಬ್ಬಿಸುವ ಕೈ ಎಲ್ಲಿಗೆ ದಾರಿ ತೋರಿಸುತ್ತದೆ ಎಂಬ ಪ್ರಶ್ನೆ.

ಆ ಕೈ ತೋರಿಸಬಹುದಾದ ದಾರಿ ಎಷ್ಟು ಉದ್ದವೆಂದು ದೇವದುರ್ಗದ ರಸ್ತೆ ಹೇಳುತ್ತದೆ. ರಾಯಚೂರಿನಿಂದ ಗಬ್ಬೂರಿನ ಹಳೆಯ ಗುಡಿಗಳನ್ನು ದಾಟಿ ಹೋದರೆ ಹೆಚ್ಚುಕಡಿಮೆ ಅಷ್ಟೇ ದೂರ, ಐವತ್ತು ಕಿಲೋಮೀಟರ್ ಮೇಲೆ ಸ್ವಲ್ಪ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ನಾರಾಯಣಪುರ ಬಲದಂಡೆ ಕಾಲುವೆ ಬಂದು ಒಂದಿಷ್ಟು ಹೊಲ ಹಸಿರಾದರೂ ಗುಳೆ ನಿಂತಿಲ್ಲ. ನಗರ ವಸತಿರಹಿತರಿಗೆ ಸೂರು ಕೊಡುವ ಕೇಂದ್ರ ಯೋಜನೆಯ ಮಾರ್ಗಸೂಚಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ತಂಗುವ ಆಶ್ರಯ, ಒಬ್ಬೊಬ್ಬರಿಗೆ 50 ಚದರಡಿ ಜಾಗ ಎನ್ನುತ್ತದೆ. 2011ರ ಜನಗಣತಿಯಲ್ಲೇ 2 ಲಕ್ಷ 30 ಸಾವಿರ ದಾಟಿದ್ದ, ಈಚೆಗೆ ಮಹಾನಗರ ಪಾಲಿಕೆಯಾದ ರಾಯಚೂರಿಗೆ ಆ ಲೆಕ್ಕ ಅನ್ವಯಿಸುತ್ತದೆ. ಲಕ್ಷದ ಅರ್ಧವನ್ನೂ ಮುಟ್ಟದಿದ್ದ ಮಾನ್ವಿ, ಅದಕ್ಕಿಂತ ಸಣ್ಣದಾದ ದೇವದುರ್ಗ ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತವೆ? ದಂಡ ಹಾಕಿ ಹೆಸರಾದ ಗ್ರಾಂಟ್ಸ್ ಪಾಸ್ ಕೂಡ ನಲವತ್ತು ಸಾವಿರದೊಳಗಿನ ಊರು, ನಮ್ಮ ಮಾನ್ವಿಯ ಜೋಡಿ. ಶಿಕ್ಷೆ ಸಣ್ಣ ಊರಿಗೂ ತಾನಾಗಿ ತಲುಪುತ್ತದೆ, ಆಸರೆಗೆ ಮಾತ್ರ ಲಕ್ಷದ ಅಳತೆ. ಚಿಕಿತ್ಸೆಯ ಕಥೆಯೂ ಹಾಗೆಯೇ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಗೊತ್ತುಮಾಡಿದ ಮಂಗಳವಾರ. ಒಳ್ಳೆಯ ಕಾರ್ಯಕ್ರಮವೇ ಹೌದು. ಆದರೆ ಗುರುವಾರ ಪುಡಿ ಬಿಟ್ಟವನಿಗೆ ಶುಕ್ರವಾರ ರಾತ್ರಿ ಫಿಟ್ಸ್ ಬಂದರೆ ಮುಂದಿನ ಮಂಗಳವಾರದ ತನಕ ಕಾಯಲಾಗದು. ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬೇಕೆಂದರೆ ಮನೆಯವರು ಅಂದಿನ ಕೂಲಿ ಬಿಡಬೇಕು, ಬಸ್ಸಿಗೆ ಇಲ್ಲವೇ ಟಂಟಂಗೆ ದುಡ್ಡು ಹೊಂದಿಸಬೇಕು. ಅವನು ಮಲಗಿದ ಜಾಗ ಗುಡಿಯಿಂದ ನೂರು ಮೀಟರ್ ದೂರವಿದೆಯೇ ಎಂದು ಕೇಳುವ ನಾವು ಅವನಿಂದ ಆಸ್ಪತ್ರೆ ಐವತ್ತು ಕಿಲೋಮೀಟರ್ ಏಕಿದೆ ಎಂದು ಕೇಳುವುದಿಲ್ಲ.

ಹತ್ತಿರವನ್ನು ಅಳೆಯುವ ಕಾನೂನನ್ನು ಹೊಸದಾಗಿ ಹುಡುಕಬೇಕಾಗಿಲ್ಲ, ನಮ್ಮಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳ ಚಟದಿಂದ ಬರುವ ಮನಸ್ಸಿನ ತೊಂದರೆಯನ್ನೂ ಕಾಯಿಲೆಯೆಂದೇ ಒಪ್ಪುತ್ತದೆ. ಮನೆಮಠವಿಲ್ಲದವರಿಗೆ ಚಿಕಿತ್ಸೆ ಉಚಿತವಾಗಿ ಸಿಗಬೇಕೆನ್ನುತ್ತದೆ, ಅವರು ಬಡತನದ ಚೀಟಿ ತೋರಿಸಬೇಕಾಗಿಲ್ಲ. ಅದರ 100ನೇ ಸೆಕ್ಷನ್ ಪೊಲೀಸರಿಗೆ ಕರ್ತವ್ಯವೊಂದನ್ನು ಹೊರಿಸಿದೆ. ಮನಸ್ಸಿನ ಕಾಯಿಲೆಯಿಂದ ಬೀದಿಯಲ್ಲಿ ಅಲೆಯುತ್ತಿರುವವರು ಕಂಡರೆ ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡಕೂಡದು. 1985ರ ಮಾದಕವಸ್ತು ಕಾಯ್ದೆ ಎಷ್ಟೇ ಬಿಗಿಯಾಗಿದ್ದರೂ ಅದರ 64ಎ ಸೆಕ್ಷನ್, ಸ್ವಂತ ಬಳಕೆಯ ಅಪರಾಧದಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾದರೆ ಅವನ ಮೇಲಿನ ಮೊಕದ್ದಮೆಯಿಂದ ಬಿಡುಗಡೆ ಕೊಡುತ್ತದೆ. ಒಂದೇ ಮನುಷ್ಯನನ್ನು ಒಂದು ಕಾಯ್ದೆ ಭಿಕ್ಷುಕ ಎನ್ನುತ್ತದೆ, ಇನ್ನೊಂದು ಕುಡುಕ ಎನ್ನುತ್ತದೆ, ಮತ್ತೊಂದು ರೋಗಿ ಎನ್ನುತ್ತದೆ. ಬೀಟ್ ಪೊಲೀಸನ ನೆನಪಿಗೆ ಯಾವುದು ಮೊದಲು ಬರುತ್ತದೆ ಎಂಬುದರ ಮೇಲೆ ಅವನ ಆ ರಾತ್ರಿ ನಿಂತಿದೆ. ರೋಗಿ ಎನ್ನುವ ಕಾಯ್ದೆಯೇ ಮೊದಲು ನೆನಪಾಗುವಂತೆ ಮಾಡುವುದು ಜಿಲ್ಲಾಡಳಿತದ ಕೈಯಲ್ಲಿರುವ ಕೆಲಸ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಅತ್ಯಂತ ತೂಕದ್ದು ಹೆಣ್ಣುಮಕ್ಕಳದು. ಗಂಡನ ಕುಡಿತದಿಂದ ಬೇಸತ್ತವರಿಗೆ, ಸಂಜೆ ಓಣಿಯಲ್ಲಿ ಓಡಾಡಲು ಹೆದರುವವರಿಗೆ ಕುಡುಕರ ಪರವಾಗಿ ಆಡುವ ಮಾತು ರುಚಿಸುವುದಿಲ್ಲ, ರುಚಿಸಬೇಕೆಂದೂ ಇಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಣ್ಣುಮಕ್ಕಳು ನಡೆದು ಹೋದರು. ರಾಯಚೂರು ಜಿಲ್ಲೆಯ ಕೂಲಿ ಹೆಣ್ಣುಮಕ್ಕಳು ಆ ಹೋರಾಟದ ಮುಂಚೂಣಿಯಲ್ಲಿದ್ದರು. ಅವರ ಬೇಡಿಕೆಯನ್ನು ಕಿವಿಗೊಟ್ಟು ಕೇಳಿದರೆ ಒಂದು ವಿಷಯ ತಿಳಿಯುತ್ತದೆ. ಅವರು ಅಂಗಡಿ ಮುಚ್ಚಿಸಿ ಎಂದರು, ಹಳ್ಳಿಯ ಅಕ್ರಮ ಮಾರಾಟ ನಿಲ್ಲಿಸಿ ಎಂದರು. ಗಂಡ, ಮಗ ಜೈಲು ಸೇರಲೆಂದು ಅವರು ಅಷ್ಟು ದೂರ ನಡೆಯಲಿಲ್ಲ. ಮನೆಯ ಗಂಡಸು ಕುಡಿತದಿಂದ ಬಿಡುಗಡೆಯಾಗಿ ಮನೆಗೆ ಮರಳಲಿ ಎಂಬುದೇ ಅವರ ಆಸೆ. ಮಾರುವವನ ಮೇಲೆ ಬಿಗಿ, ಕುಡಿಯುವವನಿಗೆ ಮದ್ದು ಎಂಬ ನನ್ನ ವಾದ ಅವರ ಹೋರಾಟದ ಎದುರು ನಿಂತಿಲ್ಲ, ಅದೇ ದಾರಿಯಲ್ಲಿ ನಡೆಯುತ್ತದೆ. ಬಯಲಲ್ಲಿ ಮಲಗುವವರಲ್ಲೂ ಹೆಣ್ಣುಮಕ್ಕಳಿದ್ದಾರೆ. ಗುಡಾರ ಕಿತ್ತೊಗೆದಾಗ ಕತ್ತಲಲ್ಲಿ ಬೇರೆ ಜಾಗ ಹುಡುಕುವ ಕಷ್ಟ ಮೊದಲು ಬೀಳುವುದು ಅವರ ಮೇಲೆ.

ಶಿಕ್ಷೆಯ ಭಯವಿಲ್ಲದೆ ಯಾರೂ ಚಟ ಬಿಡುವುದಿಲ್ಲ ಎನ್ನುವವರೂ ಇದ್ದಾರೆ. ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆ, ಮದ್ಯದ ಚಟಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದೆ ಎಂದಿತು. ಉಳಿದ 37 ಜನ ಭಯವಿಲ್ಲದೆ ಚಿಕಿತ್ಸೆ ಬಿಟ್ಟವರೆನ್ನುವುದಕ್ಕಿಂತ ಚಿಕಿತ್ಸೆಯ ಬಾಗಿಲನ್ನೇ ಮುಟ್ಟದವರೆನ್ನುವುದು ಸತ್ಯಕ್ಕೆ ಹತ್ತಿರ. ಬಾಗಿಲೇ ಇಲ್ಲದ ಕಡೆ ಭಯ ಹುಟ್ಟಿಸಿದರೆ ಮನುಷ್ಯ ಓಡಿಹೋಗಿ ಅಡಗುತ್ತಾನೆ, ಅಡಗಿದವನಿಗೆ ಫಿಟ್ಸ್ ಬಂದರೆ ನೀರು ಕೊಡುವವರೂ ಇರುವುದಿಲ್ಲ. ಇನ್ನೊಂದು ಆಕ್ಷೇಪ, ಆಶ್ರಯ ಕೇಂದ್ರ, ವ್ಯಸನಮುಕ್ತಿ ಕೇಂದ್ರಗಳ ಸುತ್ತ ಮಾರುವವರು ಮುತ್ತಿಕೊಳ್ಳುತ್ತಾರೆ ಎಂಬುದು. ಇದರಲ್ಲಿ ಹುರುಳಿದೆ, ಇದಕ್ಕೆ ನಾನು ಪೂರ್ತಿ ತಲೆಬಾಗುತ್ತೇನೆ. ಬಿಡಲು ಹೆಣಗುತ್ತಿರುವವನ ಮೂಗಿನ ಕೆಳಗೆ ಪುಡಿ ಮಾರುವುದಕ್ಕಿಂತ ಕ್ರೂರವಾದದ್ದು ಕಡಿಮೆ. 1967ರ ನಿಯಮದ 100 ಮೀಟರ್ ಪಟ್ಟಿಗೆ ವಸತಿರಹಿತರ ಆಶ್ರಯವನ್ನೂ ವ್ಯಸನಮುಕ್ತಿ ಕೇಂದ್ರವನ್ನೂ ಸೇರಿಸಲಿ, ಅದರೊಳಗೆ ಕದ್ದು ಮಾರಿದವನಿಗೆ ಹೆಚ್ಚಿನ ಶಿಕ್ಷೆಯಾಗಲಿ. ಆದರೆ ಆ ಗೆರೆ ಮಾರುವವನಿಗೆ ಎಳೆದ ಗೆರೆಯಾಗಿಯೇ ಉಳಿಯಬೇಕು. ಸೂರು ಸಿಗದೆ ಕೇಂದ್ರದ ಗೋಡೆಗೊರಗಿ ಮಲಗಿದವನನ್ನು ಅದೇ ಗೆರೆ ತೋರಿಸಿ ಎಬ್ಬಿಸಿದರೆ ಅವನು ಮದ್ದಿನಿಂದ ದೂರವಾಗಿ ಮತ್ತೆ ಮಾರುವವನ ಕೈಗೇ ಹೋಗಿ ಬೀಳುತ್ತಾನೆ.

ದುಡ್ಡೆಲ್ಲಿದೆ ಎಂಬುದು ಕೊನೆಯ ಪ್ರಶ್ನೆ. ಕರ್ನಾಟಕದಲ್ಲಿ ಮನೆ, ಅಂಗಡಿಗೆ ಆಸ್ತಿ ತೆರಿಗೆ ಕಟ್ಟುವವರು ಅದರ ಮೇಲೆ ಶೇ 3ರಷ್ಟು ಭಿಕ್ಷುಕರ ಕರವನ್ನೂ ಕಟ್ಟುತ್ತಾರೆ. ರಾಯಚೂರಿನ ತೀನ್ ಕಂದೀಲಿನ ಅಂಗಡಿಯವನೂ, ಗಂಜಿನ ದಲಾಲಿಯೂ, ಮಾನ್ವಿ ಪುರಸಭೆಯ ನಿವಾಸಿಯೂ ಬೀದಿಯಲ್ಲಿ ಮಲಗುವವರಿಗಾಗಿ ವರ್ಷವರ್ಷವೂ ದುಡ್ಡು ಕೊಡುತ್ತಲೇ ಇದ್ದಾರೆ. ಸಂಗ್ರಹವಾದ ಕರ ಹಿಡಿದು ಕೂಡಿಹಾಕುವ ವ್ಯವಸ್ಥೆಗಷ್ಟೇ ಹೋಗಬೇಕೇ, ಅದರ ಒಂದು ಪಾಲು ದೇವದುರ್ಗದ ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆಗೆ, ಮಾನ್ವಿಯ ಬಸ್ ನಿಲ್ದಾಣದ ಬಳಿ ಒಂದು ರಾತ್ರಿ ಆಶ್ರಯಕ್ಕೆ ಸಿಗಬಾರದೇ ಎಂದು ಕೇಳುವ ಹಕ್ಕು ಅವರಿಗಿದೆ. ಅಬಕಾರಿ ಇಲಾಖೆ ದಾಳಿಗೆ ದಿನ ಗೊತ್ತುಮಾಡುವಾಗ ಆರೋಗ್ಯ ಇಲಾಖೆಗೆ ಗುಟ್ಟಾಗಿಯಾದರೂ ಮೊದಲೇ ತಿಳಿಸಬೇಕು. ಫಿಟ್ಸಿನ ಮದ್ದು, ಅದನ್ನು ಕೊಡಲು ತರಬೇತಾದ ಸಾಮಾನ್ಯ ವೈದ್ಯರು ಆ ವಾರ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಎರಡು ಇಲಾಖೆಗಳು ಒಂದೇ ಮೇಜಿಗೆ ಕೂತರೆ ಸಾಕು.

ಸಂಜೆ ರಾಯಚೂರಿಗೆ ಮರಳುವ ಬಸ್ಸು ಊರು ಮುಟ್ಟುವ ಮೊದಲೇ ಬೆಟ್ಟದ ಮೇಲಿನ ಕೋಟೆ ಕಾಣುತ್ತದೆ. 1294ರ ಶಾಸನವುಳ್ಳ ದೊಡ್ಡ ಕಲ್ಲುಚಪ್ಪಡಿ ಆ ಕೋಟೆಯ ಗೋಡೆಯಲ್ಲಿದೆ. ಹೊರಗಿನವರನ್ನು ದೂರವಿಡಲು ಕಲ್ಲು ಹೊತ್ತು ಗೋಡೆ ಕಟ್ಟಿದ ಕಾಲ ಅದು. ಅದೇ ಊರಿನ ರೈಲು ನಿಲ್ದಾಣದ ಹೊರಗೆ ರಾತ್ರಿ ಬಿಚ್ಚಿಕೊಳ್ಳುವ ನೀಲಿ ತಾಡಪತ್ರಿಯ ಕೆಳಗಿರುವವರು ಮಾತ್ರ ಹೊರಗಿನವರಲ್ಲ. ಮಾನ್ವಿಯ ಭತ್ತ ನಾಟಿ ಮಾಡಿದವರು, ದೇವದುರ್ಗದ ಹತ್ತಿ ಬಿಡಿಸಿದವರು, ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು ಅವರೇ. ಅವರಲ್ಲೊಬ್ಬ ಪುಡಿಯ ಚಟಕ್ಕೆ ಬಿದ್ದಿದ್ದರೆ ಅವನನ್ನು ಎಬ್ಬಿಸುವ ಪೊಲೀಸನ ಬಳಿ ಲಾಠಿಯ ಜೊತೆಗೆ ಒಂದು ವಿಳಾಸವೂ ಇರಬೇಕು, ಆ ವಿಳಾಸ ನಡೆದು ಮುಟ್ಟುವಷ್ಟು ಹತ್ತಿರವಿರಬೇಕು. ನೂರು ಮೀಟರನ್ನು ಅಳೆಯಲು ಕಲಿತ ಸರ್ಕಾರಕ್ಕೆ ಐವತ್ತು ಕಿಲೋಮೀಟರನ್ನು ಕಡಿಮೆ ಮಾಡುವುದು ಅಸಾಧ್ಯವೇನಲ್ಲ.